ಊರಿಗೆ ಹೋಗಿ ತಿಳಿಸುತ್ತೇವೆ

ಉತ್ತರ ಬಾರದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಇದು ಹುಟ್ಟುಗುಣ. ಅಡುಗೆಮನೆಯಲ್ಲಿರುವ ಹೆಂಡತಿಯನ್ನು ಚಹಾ ಆಯಿತೇ ಎಂದು ಕೂಗಿ ಕೇಳಿ, ಆ ಕಡೆಯಿಂದ ಸದ್ದು ಬರದಿದ್ದರೆ ಎದ್ದು ಹೋಗಿ ನೋಡಿ ಬರುತ್ತೇನೆ. ಚಹಾ ಆಗಿದೆಯೋ ಎಂದಲ್ಲ, ಆಕೆ ಸಿಟ್ಟಾಗಿದ್ದಾಳೋ ಎಂದು. ಒಗ್ಗರಣೆಯ ಸದ್ದಿನಲ್ಲಿ ಹೆಚ್ಚಿನ ಸಲ ಆಕೆಗೆ ಕೇಳಿಸಿಯೇ ಇರುವುದಿಲ್ಲ. "ನಿಮ್ಮ ಕಾಲಾಗ ಚಕ್ರ ಐತಿ ನೋಡ್ರಿ. ಕುಂತಲ್ಲಿ ಕುಂದ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ" ಎನ್ನುತ್ತಾಳೆ. ಆಕೆ ಬೈದಳಲ್ಲವೇ, ಅಷ್ಟಕ್ಕೇ ನನಗೆ ಸಮಾಧಾನವಾಗಿ ಹೊರಗೆ ಬಂದು ಕೂರುತ್ತೇನೆ.

ಇದು ನನ್ನೊಬ್ಬನ ರೋಗವಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಒಂದು ಮಾತಿಗೆ ಇಬ್ಬರು ಬೇಕು: ಒಬ್ಬರು ಹೇಳಲಿಕ್ಕೆ, ಇನ್ನೊಬ್ಬರು ಹ್ಞೂಂ ಅನ್ನಲಿಕ್ಕೆ. ನಮ್ಮಜ್ಜಿ ಕಥೆ ಶುರು ಮಾಡುವ ಮುಂಚೆಯೇ ಮೊಮ್ಮಕ್ಕಳಲ್ಲಿ ಒಬ್ಬರನ್ನು ಹ್ಞೂಂಗುಟ್ಟುವ ಕೆಲಸಕ್ಕೆ ನೇಮಿಸುತ್ತಿದ್ದಳು. ಹ್ಞೂಂ ನಿಂತರೆ ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿದ್ದವನು ಹಾಗೇ ನಿಂತುಬಿಡುತ್ತಿದ್ದ. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಇಬ್ಬರು ಮಾತಾಡುವುದನ್ನು ಕೇಳಿ. ಒಬ್ಬ ಹತ್ತಿಯ ಧಾರಣೆ ಹೇಳುತ್ತಿದ್ದರೆ ಇನ್ನೊಬ್ಬ ಉಸಿರಿಗೊಂದು ಹ್ಞೂಂ ಕೊಡುತ್ತಿರುತ್ತಾನೆ. ಹ್ಞೂಂ ಎಂದರೆ ಒಪ್ಪಿದೆ ಎಂದಲ್ಲ, ಇಲ್ಲೇ ಇದ್ದೇನೆ ಎಂದಷ್ಟೆ. ಸುಮ್ಮನಿದ್ದವನು ಒಂದೋ ನಿದ್ದೆ ಹೋಗಿದ್ದಾನೆ, ಇಲ್ಲವೋ ಮುನಿಸಿಕೊಂಡಿದ್ದಾನೆ.

ಇಂಥ ಸೀಮೆಯ, ಇಂಥ ಗುಣದ ನಾನು ತೊಂಬತ್ತರ ದಶಕದ ಕೊನೆಗೆ ಇ-ಮೇಲ್ ಎಂಬ ಹೊಸ ಲೋಕಕ್ಕೆ ಕಾಲಿಟ್ಟೆ. ಅದೂ ಎಂಥ ಕಡೆ? ಮುಖ ನೋಡದ ಹತ್ತಾರು ದೇಶಗಳ ಜನ ಸೇರಿ, ಸಂಬಳವಿಲ್ಲದೆ, ಒಂದು ತಂತ್ರಾಂಶ ಕಟ್ಟುತ್ತಿದ್ದ ಬಳಗಕ್ಕೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಎನ್ನುವ ಹಳೆಯ ಸೂಜಿಮುದ್ರಕಗಳಲ್ಲಿ ಇಂಗ್ಲಿಷಲ್ಲದ ಲಿಪಿಗಳನ್ನು ಅಚ್ಚು ಹಾಕಿಸುವುದು ಆ ತಂತ್ರಾಂಶದ ಕೆಲಸ. ಒಬ್ಬರು ಬರೆದ ಅಂಚೆ ಎಲ್ಲರಿಗೂ ಹೋಗುತ್ತಿತ್ತು, ಎಲ್ಲರೆದುರೇ ಚರ್ಚೆ, ಎಲ್ಲರೆದುರೇ ಬೈಗುಳ. ನಮ್ಮ ಊರಬಾಗಿಲ ಅಗಸಿ ಕಟ್ಟೆಯ ಪಂಚಾಯಿತಿಯೇ ಅನ್ನಿ, ಹ್ಞೂಂ ಒಂದಿರಲಿಲ್ಲ.

ನನ್ನನ್ನು ಅಲ್ಲಿಗೆ ನೂಕಿದವಳು ಹುಲಿಗೆಮ್ಮ. ನನ್ನ ಹೆಂಡತಿಯ ದೂರದ ಸಂಬಂಧಿ. ಮದುವೆಯಾಗದೆ ಮಸ್ಕಿಯಲ್ಲಿ ಒಂದು ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ಕಾಲ ಬದಲಾಯಿತು, ಟೈಪ್ ಕಲಿಯುವವರು ಕಡಿಮೆಯಾದರು. ಆಕೆ ಒಂದಿಷ್ಟು ಟೈಪ್‌ರೈಟರುಗಳನ್ನು ಮಾರಿ ಒಂದು ಹಳೆಯ ಕಂಪ್ಯೂಟರನ್ನೂ ಸೂಜಿಮುದ್ರಕವನ್ನೂ ತಂದಳು. ಸುತ್ತಲಿನ ಕೆಲವು ಪ್ರೌಢಶಾಲೆಗಳು ಸೇರಿ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಅಚ್ಚು ಹಾಕಿಕೊಡಲು ಆಕೆಗೇ ಹೇಳಿದವು. ಇದೊಂದು ಕೆಲಸ ಚೆಂದಾಗಿ ಆದರೆ ಶಾಲೆ ಉಳಿಯುತ್ತದೆ, ಕೆಟ್ಟರೆ ಬಾಗಿಲು ಹಾಕಬೇಕು ಎಂಬುದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೆ ಈ ಬಳಗದ ತಂತ್ರಾಂಶ ಹಾಕಿದರೂ ಆ ಮುದ್ರಕದಲ್ಲಿ ಪ್ರತಿ ಸಾಲಿನ ತಳವೂ ಕತ್ತರಿಸಿ ಬರುತ್ತಿತ್ತು. ಅಕ್ಷರಗಳೆಲ್ಲ ಮೊಳಕಾಲುದ್ದ ಕೆಸರಲ್ಲಿ ನಿಂತ ಹಾಗೆ ಕಾಣುತ್ತಿದ್ದವು, ಒತ್ತುಗಳಂತೂ ಮುಳುಗಿಯೇ ಹೋಗಿದ್ದವು. "ಸರ, ನೀವು ಗಣಿತ ಹೇಳ್ತೀರಿ. ಇದೂ ಲೆಕ್ಕನ ಅಲ್ಲೇನು? ಏನರ ಮಾಡ್ರಿ" ಎಂದಳು. ಲಿಂಗಸುಗೂರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನನಗೆ ಅಷ್ಟು ಹುರಿದುಂಬಿಸಿದರೆ ಸಾಕಿತ್ತು.

ಲಿಂಗಸುಗೂರಿನಲ್ಲಾಗಲಿ ಮಸ್ಕಿಯಲ್ಲಾಗಲಿ ಆಗ ಇಂಟರ್ನೆಟ್ ಎಂಬುದಿರಲಿಲ್ಲ. ಅದಿದ್ದದ್ದು ಸಿಂಧನೂರಿನ ವೆಂಕಟರಾವ್ ಅಂಗಡಿಯಲ್ಲಿ. ಅವರ ತಂದೆ ನೀರಾವರಿ ಕಾಲುವೆ ಬಂದಾಗ ಆಂಧ್ರದಿಂದ ಬಂದು ವಲಸಿಗರ ಕ್ಯಾಂಪಿನಲ್ಲಿ ಭತ್ತ ಬೆಳೆದವರು. ಮಗ ಗದ್ದೆಯ ಗೊಡವೆ ಬಿಟ್ಟು ಎಸ್‌ಟಿಡಿ ಬೂತ್ ಹಾಕಿ, ಅದರ ಮೂಲೆಯಲ್ಲೊಂದು ಕಂಪ್ಯೂಟರ್ ಇಟ್ಟಿದ್ದರು. ಟೆಲಿಫೋನ್ ತಂತಿಯ ಮೂಲಕ ಅದು ಕಿರ್ರ್ ಎಂದು ಅರಚಿ, ಮನಸ್ಸು ಬಂದರೆ ಲೋಕಕ್ಕೆ ಹತ್ತಿಕೊಳ್ಳುತ್ತಿತ್ತು. ಅಂದರೆ ನಾನೊಂದು ಅಂಚೆ ನೋಡಬೇಕಾದರೆ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ, ಸಿಂಧನೂರಿನಲ್ಲಿಳಿದು, ಮತ್ತೆ ಅದೇ ದಾರಿಯಲ್ಲಿ ವಾಪಸು ಬರಬೇಕು. ಮಸ್ಕಿ ಎಂದ ಕೂಡಲೇ ವಿದ್ವಾಂಸರೆಲ್ಲ ಶಿಲಾಶಾಸನದ ಮಾತೆತ್ತುತ್ತಾರೆ. ನಾನು ಎತ್ತುವುದಿಲ್ಲ. ನಾನು ಮಸ್ಕಿಯನ್ನು ನೆನೆಯುವುದು ಬಸ್ಸು ನಿಂತಾಗ ಕಿಟಕಿಗೆ ಬರುತ್ತಿದ್ದ ಬಿಸಿ ಮಿರ್ಚಿಗಾಗಿ.

ನನ್ನ ಮೊದಲ ಅಂಚೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಉಭಯ ಕುಶಲೋಪರಿ ಸಾಂಪ್ರತ ಎಂಬುದನ್ನು ಇಂಗ್ಲಿಷಿಗೆ ಇಳಿಸಿ, ಇತ್ತ ಎಲ್ಲರೂ ಕ್ಷೇಮ, ಮಳೆ ಈ ಸಲ ಹಿಂದಾಗಿದೆ, ತಮ್ಮ ಕಡೆ ಬೆಳೆ ಹೇಗೆ ಎಂದೆಲ್ಲ ವಿಚಾರಿಸಿ, ಕಟ್ಟಕಡೆಯ ಸಾಲಿನಲ್ಲಿ ಮುದ್ರಕದ ಸಂಗತಿ ಹೇಳಿದ್ದೆ. ನಮ್ಮಲ್ಲಿ ಮಾತಿನ ಪದ್ಧತಿಯೇ ಹಾಗಲ್ಲವೇ? ಬಂದವರು ಚಹಾ ಕುಡಿದು, ಊರಿನವರೆಲ್ಲರ ಆರೋಗ್ಯ ಕೇಳಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು, "ಅಂದಂಗ..." ಎಂದು ಶುರು ಮಾಡಿದರೆ ಬಂದ ಕೆಲಸ ಅದು ಎಂದು ತಿಳಿಯಬೇಕು. ಕೂತ ಕೂಡಲೇ ಕೆಲಸ ಹೇಳುವವರು ವಸೂಲಿಗೆ ಬಂದವರು ಮಾತ್ರ. ಬಳಗದ ಹಿರಿಯಳು ಇಂಗ್ರಿಡ್ ಎಂಬ ನಾರ್ವೆ ದೇಶದ ಹೆಂಗಸು. ಆಕೆಯ ಉತ್ತರ ಇಷ್ಟೇ: "ಪ್ರಶ್ನೆ ಏನು?"

ಅಂತೂ ಪ್ರಶ್ನೆ ಏನೆಂದು ತಿಳಿಸಿದೆ. ಆಕೆ ಉತ್ತರಿಸಿದಳು, ಬೇರೆ ಇಬ್ಬರು ಮೂವರೂ ಉತ್ತರಿಸಿದರು. ಉತ್ತರ ಬಂದ ಮೇಲೆ ನಾನು ಸುಮ್ಮನಿರುವುದುಂಟೇ? ಒಬ್ಬೊಬ್ಬರಿಗೂ ತಿಳಿಯಿತು, ಬಹಳ ಒಳ್ಳೆಯದು, ತಮ್ಮ ಮಾತು ನಿಜ ಎಂದು ಬರೆದೆ. ನಡುವೆ ಯಾರೋ ಯಾರಿಗೋ ನನಗೆ ಸಂಬಂಧವಿಲ್ಲದ ಮಾತು ಬರೆದಿದ್ದರು; ಕಣ್ಣೆದುರೇ ಮಾತಾಡುತ್ತಿರುವಾಗ ಮೂಕನ ಹಾಗಿರುವುದು ಸರಿಯಲ್ಲವೆಂದು ಅವರಿಗೂ ಒಂದು ಹ್ಞೂಂ ಕೊಟ್ಟೆ. ಬೆಲ್ಜಿಯಮ್ಮಿನ ಒಬ್ಬಾತ ಬರೆದ: ನಿನ್ನ ಈ "ತಿಳಿಯಿತು" ಎಂಬುದು ಬಳಗದ ಪ್ರತಿಯೊಬ್ಬರ ಮನೆಗೂ ಬಂದು ಬಾಗಿಲು ಬಡಿದಿದೆ, ಹೇಳುವುದೇನಾದರೂ ಇದ್ದರೆ ಮಾತ್ರ ಬಡಿ. ಅವನಿಗೂ "ತಿಳಿಯಿತು" ಎಂದು ಬರೆದೇಬಿಟ್ಟೆ. ಬೆರಳು ಕೇಳಬೇಕಲ್ಲ.

ಆಮೇಲೆ ಬುದ್ಧಿವಾದಗಳ ಸುರಿಮಳೆ. ಹಳೆಯ ಅಂಚೆಯನ್ನೆಲ್ಲ ಬಾಲದ ಹಾಗೆ ಎಳೆದುಕೊಂಡು ಬರಬೇಡ, ಬೇಕಾದ ಸಾಲು ಉಳಿಸಿ ಮಿಕ್ಕಿದ್ದನ್ನು ಕತ್ತರಿಸು. ಉತ್ತರವನ್ನು ಪ್ರಶ್ನೆಯ ಮೇಲೆ ಬರೆಯಬೇಡ, ಕೆಳಗೆ ಬರೆ. ಇದು ಮಾತ್ರ ನನಗೆ ಹಿಡಿಸಿತು. ಮೂವತ್ತು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಯಾರಿಗಾದರೂ ಇದರ ಬೆಲೆ ಗೊತ್ತು. ಇನ್ನೊಬ್ಬರು, ನೀನೇಕೆ ಯಾವಾಗಲೂ ಕಿರುಚುತ್ತೀ ಎಂದು ಕೇಳಿದರು. ನಾನು ಕಿರುಚುವವನಲ್ಲ, ವೆಂಕಟರಾವ್ ಅಂಗಡಿಯ ಕೀಲಿಮಣೆಯಲ್ಲಿ ದೊಡ್ಡಕ್ಷರದ ಗುಂಡಿ ಒಳಗೇ ಸಿಕ್ಕಿಕೊಂಡಿತ್ತು. ದೊಡ್ಡಕ್ಷರದಲ್ಲಿ ಬರೆದರೆ ಆ ಲೋಕದಲ್ಲಿ ಕೂಗಿದಂತಂತೆ. ವೆಂಕಟರಾವ್‌ಗೆ ಹೇಳಿದೆ. "ಅದು ಕ್ಯಾಂಪಿನ ಧೂಳು ಸಾರ್. ನಮ್ಮ ಟ್ರ್ಯಾಕ್ಟರೇ ಸಿಕ್ಕೊಂತದ, ಗುಂಡಿ ಏನ್ ಲೆಕ್ಕ" ಎಂದು ಅವರು ಅದನ್ನು ಹೇರ್‌ಪಿನ್ನಿನಿಂದ ಮೇಲೆತ್ತಿದರು.

ಇಷ್ಟೆಲ್ಲ ಬೈಸಿಕೊಂಡರೂ ಕೆಲಸ ನಡೆದಿತ್ತು. ಸಾಲಿನ ಎತ್ತರ ಎಣಿಸುವಲ್ಲಿ ಎಡವಟ್ಟಾಗಿದೆ ಎಂದು ನನಗೆ ಹೊಳೆಯಿತು. ತಂತ್ರಾಂಶದ ಎರಡು ಸಾಲು ತಿದ್ದಿ ಕಳಿಸಿದೆ. ಆದರೆ ಅದನ್ನು ಸೇರಿಸಿ, ಓಡುವ ಹಾಗೆ ಕಟ್ಟಿಕೊಡುವ ಸಲಕರಣೆ ನಮ್ಮ ಹತ್ತಿರ ಇರಲಿಲ್ಲ. ಹಿಟ್ಟು ನಾನು ನಾದಿದ್ದೆ, ಹಂಚು ಇಂಗ್ರಿಡ್ ಮನೆಯಲ್ಲಿತ್ತು. ಆಕೆ ಬರೆದಳು: "ನೋಡಿದೆ. ಒಂದು ವಾರ ಬಳಗದ ಮುಂದೆ ಇಟ್ಟಿರುತ್ತೇನೆ." ಅಷ್ಟೇ.

ಒಂದು ವಾರ ನಾನು ಅಂಡು ಸುಟ್ಟ ಬೆಕ್ಕಾಗಿದ್ದೆ. ಪಾಠ ಮುಗಿದ ಕೂಡಲೇ ಬಸ್ ನಿಲ್ದಾಣ. ಸಿಂಧನೂರು ತಲುಪಿ ನೋಡಿದರೆ ಬೇರೆಯವರ ಬೇರೆ ಮಾತುಗಳು; ನನ್ನ ತಿದ್ದುಪಡಿಯ ಬಗ್ಗೆ ಒಬ್ಬರದೂ ಚಕಾರವಿಲ್ಲ. ಮರುದಿನವೂ ಇಲ್ಲ. ಒಂದು ದಿನ ತಂತಿ ಕೆಟ್ಟಿತ್ತು, ಅಂದು ಮಾತ್ರ ಸ್ವಲ್ಪ ನೆಮ್ಮದಿಯಾಯಿತು. ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದರೆ ಹುಲಿಗೆಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಏನಂದ್ರು?" "ಏನೂ ಅಂದಿಲ್ಲ." "ಬೈದೂ ಇಲ್ಲೇನು?" "ಬೈದೂ ಇಲ್ಲ." ಆಕೆ ಮುಖ ಸಣ್ಣದು ಮಾಡಿ ಒಳಗೆ ಹೋಗುತ್ತಿದ್ದಳು.

ಮೌನಂ ಸಮ್ಮತಿ ಲಕ್ಷಣಂ ಎಂದು ಪಂಡಿತರು ಹೇಳಿದ್ದಾರೆ. ಅವರು ಯಾವ ಊರಿನವರೋ ಗೊತ್ತಿಲ್ಲ, ನಮ್ಮ ಕಡೆ ಹೆಣ್ಣು ತೋರಿಸಿದವರಂತೂ ಅಲ್ಲ. ನಮ್ಮಲ್ಲಿ ಗಂಡಿನವರು ಬರುತ್ತಾರೆ, ಮಂಡಕ್ಕಿಯ ಮಂಡಾಳು ಒಗ್ಗರಣೆ ತಿನ್ನುತ್ತಾರೆ, ಮಿರ್ಚಿ ಚೆನ್ನಾಗಿದೆ ಎನ್ನುತ್ತಾರೆ, ಹುಡುಗಿಯ ಹೆಸರು ಕೇಳುತ್ತಾರೆ. ಎದ್ದು ಹೋಗುವಾಗ "ಊರಿಗೆ ಹೋಗಿ ತಿಳಸ್ತೀವ್ರಿ" ಎನ್ನುತ್ತಾರೆ. ಒಪ್ಪಿಗೆಯಿದ್ದರೆ ಎರಡು ದಿನದಲ್ಲಿ ಯಾರಾದರೂ ಹಿರಿಯರು ಬರುತ್ತಾರೆ. ಯಾರೂ ಬರಲಿಲ್ಲವೆಂದರೆ ಇಲ್ಲವೆಂದೇ ಅರ್ಥ. ಇಲ್ಲ ಎಂದು ಬಾಯಿಬಿಟ್ಟು ಹೇಳುವುದು ಒರಟುತನ, ಯಾಕೆ ಇಲ್ಲ ಎಂದು ಹೆಣ್ಣಿನವರು ಕೇಳುವುದು ಅದಕ್ಕಿಂತ ಒರಟುತನ. ವಾರ ಕಳೆದ ಮೇಲೆ ಹೆಣ್ಣಿನವರೇ ನಾಲ್ಕು ಜನರ ಮುಂದೆ, ನಮಗೂ ಅಷ್ಟು ಮನಸ್ಸಿರಲಿಲ್ಲ ಬಿಡ್ರಿ ಎಂದು ಹೇಳಿ ಎರಡೂ ಮನೆಗಳ ಮರ್ಯಾದೆ ಕಾಯುತ್ತಾರೆ.

ನಾನು ಮಾಡಿದ್ದೂ ಅದನ್ನೇ. ವಾರದ ಕೊನೆಯ ದಿನ ಎಲ್ಲರಿಗೂ ಕಾಣುವ ಹಾಗೆ ಬರೆದೆ: ನನ್ನ ತಿದ್ದುಪಡಿ ಅಷ್ಟೇನೂ ಒಳ್ಳೆಯದಲ್ಲ, ಅದನ್ನು ಹಿಂದಕ್ಕೆ ಪಡೆಯುತ್ತೇನೆ, ಯಾರೂ ಬೇಸರಿಸಿಕೊಳ್ಳಬಾರದು. ಉತ್ತರವನ್ನು ಕೆಳಗೇ ಬರೆದಿದ್ದೆ, ಬಾಲ ಕತ್ತರಿಸಿದ್ದೆ, ಕಿರುಚಿರಲಿಲ್ಲ. ಇಷ್ಟು ಶಿಸ್ತಿನ ಅಂಚೆಯನ್ನು ನಾನು ಅದಕ್ಕೆ ಮೊದಲು ಬರೆದಿರಲೇ ಇಲ್ಲ.

ಮರುದಿನ ಇಂಗ್ರಿಡ್ ಉತ್ತರ ಕಾದಿತ್ತು. "ಸರಿ, ಕೈಬಿಟ್ಟಿದ್ದೇನೆ. ಒಂದು ವಾರ ಯಾರೂ ಆಕ್ಷೇಪಿಸದ ಕಾರಣ ಇವತ್ತು ಸೇರಿಸುವುದರಲ್ಲಿದ್ದೆ. ಆಕ್ಷೇಪ ಬಂದದ್ದು ನಿನ್ನದೊಂದೇ. ಹೊಸ ಆವೃತ್ತಿ ನಾಳೆ ಹೊರಡುತ್ತದೆ." ಆ ಬಳಗದಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದಂತೆ. ಮೊದಲ ದಿನವೇ ನನಗೆ ಕಳಿಸಿದ್ದ ಉದ್ದನೆಯ ನಿಯಮಾವಳಿಯಲ್ಲಿ ಅದು ಇತ್ತಂತೆ. ಅಷ್ಟು ಓದುವ ಸಹನೆ ನನ್ನ ಕಾಲಿಗೆಲ್ಲಿತ್ತು?

ಅದನ್ನು ಎರಡು ಸಲ ಓದಿದೆ. ಆಗಲೇ ಉತ್ತರ ಬರೆಯಬೇಕಿತ್ತು, ಬರೆಯಲಿಲ್ಲ. ಒಮ್ಮೆ ಬೇಡ ಎಂದವನು ಮತ್ತೆ ಬೇಕು ಎನ್ನುವುದು ಹೇಗೆ ಎಂಬ ಸಂಕೋಚ. ನೇರ ಮಸ್ಕಿಗೆ ಬಂದು ಹುಲಿಗೆಮ್ಮನಿಗೆ ಎಲ್ಲ ಹೇಳಿದೆ. ಆಕೆ ನಡುವೆ ಒಂದು ಹ್ಞೂಂ ಕೂಡ ಅನ್ನದೆ ಕೇಳಿದಳು.

"ಸೇರಸ್ತಿದ್ರಾ?"

"ಸೇರಸ್ತಿದ್ರು."

"ಬ್ಯಾಡ ಅಂದವರು ನೀವೊಬ್ರನ?"

"ನಾನೊಬ್ಬನ."

ಬಾಗಿಲಿಗೆ ಬೀಗ ಹಾಕಿದಳು. "ನಡೀರಿ ಸಿಂಧನೂರಿಗೆ" ಎಂದಳು. ಮತ್ತೆ ಬಸ್ಸು ಹತ್ತಿದೆವು. ಕಂಡಕ್ಟರ್ ನನ್ನನ್ನು ನೋಡಿ, "ಸರ್, ಈಗಿನ್ನ ಇಳಿದ್ರಿ?" ಎಂದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ದಾರಿಯಲ್ಲಿ ಹುಲಿಗೆಮ್ಮ ಒಮ್ಮೆಲೇ ಮಾತು ತೆಗೆದಳು. "ನನ್ನ ನೋಡಾಕ ಮೂರು ಮನಿಯವ್ರು ಬಂದಿದ್ರು ಸರ. ಮುಕ್ಕುಂದದವ್ರು, ಸಂತೆಕಲ್ಲೂರಿನವ್ರು, ತುರ್ವಿಹಾಳದವ್ರು. ಮೂರೂ ಮನಿಯವ್ರು ಊರಿಗೆ ಹೋಗಿ ತಿಳಸ್ತೀವಿ ಅಂದ್ರು. ತುರ್ವಿಹಾಳದ ಹುಡುಗ ಮಾಸ್ತರಕಿ ಓದಾಕತ್ತಿದ್ದ. ನನಗ ಮನಸಿಗೆ ಬಂದಿದ್ದ. ಅಪ್ಪಗ ಹೇಳಿದೆ, ಒಂದು ಮಾತು ಕೇಳಿ ಬಾ ಅಂತ. ಹೆಣ್ಣಿನ ಕಡಿಯವ್ರು ಬಾಯಿ ಬಿಟ್ಟು ಕೇಳಬಾರ್ದು ಅಂದ. ತಿಂಗಳಾದ ಮ್ಯಾಲ ನಮಗೂ ಮನಸಿರ್ಲಿಲ್ಲ ಅಂತ ಊರಾಗ ಹೇಳಿ ಬಿಟ್ಟ." ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ನೀವೂ ನಮ್ಮಪ್ಪನಂಗ ಮಾಡಿ ಬಂದೀರಿ."

ವೆಂಕಟರಾವ್ ಅಂಗಡಿಯಲ್ಲಿ ತಂತಿ ಹತ್ತಿಕೊಳ್ಳಲಿಲ್ಲ. ಕಿರ್ರ್ ಎಂದಿತು, ಸತ್ತಿತು. ಮತ್ತೆ ಕಿರ್ರ್, ಮತ್ತೆ ಸಾವು. ನಾನು ಅಂಗಡಿಯ ಒಳಗೂ ಹೊರಗೂ ಓಡಾಡಿದೆ. ವೆಂಕಟರಾವ್ ನನ್ನ ತೋಳು ಹಿಡಿದು ಕೂರಿಸಿ, "ನೀವು ತಿರುಗಿದ್ರೆ ಅದೂ ತಿರುಗ್ತದೆ ಸಾರ್, ಸ್ವಲ್ಪ ಕೂಚೋಂಡಿ" ಎಂದರು. ಕೊನೆಗೆ ಹತ್ತಿತು. ನಾನು ಕೀಲಿಮಣೆ ಎಳೆದುಕೊಂಡು, ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ಎಂದು ಶುರು ಮಾಡಿದೆ.

"ಏನ್ ಬರೆಯಾಕತ್ತೀರಿ?" ಎಂದಳು ಹುಲಿಗೆಮ್ಮ. ಹೇಳಿದೆ.

"ಅದನ್ನ ಅಳಸ್ರಿ. ಬ್ಯಾಡ ಅಂದಿದ್ದು ತಪ್ಪಾತು. ನಮಗ ಅದು ಬೇಕು. ಅದಿಲ್ದಿದ್ರ ಮಕ್ಕಳ ಪರೀಕ್ಷಿ ಪೇಪರ್ ಅಚ್ಚಾಗಂಗಿಲ್ಲ. ಸೇರಸ್ರಿ. ಇಷ್ಟ ಬರೀರಿ."

"ಆರಾಮ ಅದೀರೇನು ಅಂತ ಒಂದು ಮಾತರ..."

"ಆಕಿ ಆರಾಮ ಅದಾಳೋ ಇಲ್ಲೋ ನಾಡಿದ್ದು ಕೇಳೋಣ್ರಿ."

ಬರೆದೆ, ಕಳಿಸಿದೆವು. ಮೂವರೂ ಪರದೆಯನ್ನೇ ನೋಡುತ್ತ ಕೂತೆವು. ಬೂತಿಗೆ ಫೋನ್ ಮಾಡಲು ಬಂದವರನ್ನು ವೆಂಕಟರಾವ್ ಲೈನ್ ಕೆಟ್ಟಿದೆ ಎಂದು ವಾಪಸು ಕಳಿಸಿದರು. ಇನ್ನು ಉತ್ತರ ಬರುವುದಿಲ್ಲ, ನಾರ್ವೆಯಲ್ಲಿ ಈಗ ಎಷ್ಟು ಗಂಟೆಯೋ ಏನೋ, ಆಕೆಗೆ ಸಿಟ್ಟು ಬಂದಿರಬೇಕು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಒಂದು ಪದ ಬಂತು: "ಸೇರಿಸಿದೆ." ನನಗೆ ಅಳುವೇ ಬಂದಿತ್ತು. ಕೂಡಲೇ ಧನ್ಯವಾದ ಬರೆಯಲು ಬೆರಳು ಮುಂದೆ ಹೋದವು. ವೆಂಕಟರಾವ್ ಸ್ವಿಚ್ ಆರಿಸಿ, "ಇಂಕ ಚಾಲು ಸಾರ್" ಎಂದರು. ಇನ್ನು ಸಾಕು ಎನ್ನುವಷ್ಟು ತೆಲುಗು ನನಗೂ ತಿಳಿಯುತ್ತದೆ.

ದಸರೆಗೆ ಮುಂಚೆ ಪ್ರಶ್ನೆಪತ್ರಿಕೆಗಳು ತಯಾರಾದವು. ಅಕ್ಷರಗಳು ಕೆಸರಿನಿಂದ ಮೇಲೆದ್ದು ಕಾಲು ತೊಳೆದುಕೊಂಡು ನಿಂತಿದ್ದವು. ಅವನ್ನು ಒಯ್ಯಲು ಶಾಲೆಗಳ ಪರವಾಗಿ ಒಬ್ಬ ಹೆಡ್‌ಮಾಸ್ತರರು ಬಂದ ದಿನ ನಾನೂ ಅಲ್ಲಿದ್ದೆ. ಕೆಲಸವೇನಿರಲಿಲ್ಲ, ಮನೆಯಲ್ಲಿ ಕೂರಲಾಗಿರಲಿಲ್ಲ. ಅಲ್ಲಿಯ ತನಕ ಎಲ್ಲ ಮಾತೂ ಜವಾನನ ಮೂಲಕ ನಡೆದಿತ್ತು, ಅವರು ಬಂದದ್ದು ಅದೇ ಮೊದಲು. ನರೆತ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಹಾಳೆಗಳನ್ನು ತಿರುವಿ ನೋಡಿ ಅಚ್ಚು ಬಹಳ ಚಲೋ ಬಂದಿದೆ ಎಂದು ಎರಡು ಸಲ ಹೇಳಿದರು. ಚಹಾ ಕುಡಿದರು. ಹುಲಿಗೆಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

"ವಾರ್ಷಿಕ ಪರೀಕ್ಷಿ ಪೇಪರೂ ನಮಗ ಕೊಡ್ತೀರೇನ್ರಿ?" ಎಂದು ಕೇಳಿದಳು.

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಊರಿಗೆ ಹೋಗಿ ತಿಳಸ್ತೀನ್ರಿ" ಎಂದರು.

"ಇಲ್ಲೇ ತಿಳಸ್ರಿ" ಎಂದಳು ಹುಲಿಗೆಮ್ಮ. "ಹಿಂದಕ್ಕೊಮ್ಮೆ ನಮ್ಮ ಮನ್ಯಾಗ ಮಂಡಾಳು ತಿಂದು, ಊರಿಗೆ ಹೋಗಿ ತಿಳಸ್ತೀವಿ ಅಂತ ತುರ್ವಿಹಾಳಕ್ಕ ಹೋದವ್ರು ಇನ್ನೂ ತಿಳಿಸಿಲ್ಲ ನೀವು."

ಹೆಡ್‌ಮಾಸ್ತರರು ಆಗ ಆಕೆಯನ್ನು ಸರಿಯಾಗಿ ನೋಡಿದರು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಕೈಯಲ್ಲಿದ್ದ ಕಟ್ಟನ್ನು ಮೇಜಿನ ಮೇಲೆ ಇಳಿಸಿ ನಿಧಾನವಾಗಿ ಹೇಳಿದರು: "ನಮ್ಮ ದೊಡ್ಡಪ್ಪ ಬರಬೇಕಾಗಿತ್ರಿ ಮಾತಾಡಾಕ. ಆಗ ಹಾಸಿಗಿ ಹಿಡಿದಿದ್ರು. ಅವರು ಏಳ್ಲಿ ಅಂತ ತಡದ್ವಿ. ಅಷ್ಟ್ರಾಗ ನಿಮ್ಮ ಕಡಿಯವ್ರಿಗೇ ಮನಸಿಲ್ಲಂತ ಅಂತ ಸುದ್ದಿ ಬಂತು. ಯಾಕ ಅಂತ ಹೆಂಗ ಕೇಳೋದು? ಸುಮ್ನಾದ್ವಿ."

ನನಗೆ ಕೂರಲೂ ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಹುಲಿಗೆಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಮಕ್ಕಳೆಷ್ಟು?" ಎಂದು ಕೇಳಿದಳು.

"ಇಬ್ರು ಹೆಣ್ಮಕ್ಳು, ಒಬ್ಬ ಮಗ."

"ಚಲೋ ಆತು. ಈಗ ಹೇಳ್ರಿ. ವಾರ್ಷಿಕದ್ದು ಕೊಡ್ತೀರೋ ಇಲ್ಲೋ?"

"ಕೊಡ್ತೀನ್ರಿ" ಎಂದರು ಅವರು, ಅಲ್ಲಿಯೇ, ನಿಂತ ಕಾಲಲ್ಲಿ.

ಅವರು ಹೋದ ಮೇಲೆ ಆಕೆ ಮುದ್ರಕದ ಮುಂದೆ ಕೂತು ಕಾಗದ ಜೋಡಿಸತೊಡಗಿದಳು. ಸುಮ್ಮನಿರುವ ಮನುಷ್ಯನೇ ಅಲ್ಲವಲ್ಲ ನಾನು, ಕೇಳಿಯೇಬಿಟ್ಟೆ: "ಬ್ಯಾಸರಾತೇನು ಹುಲಿಗೆಮ್ಮ?"

"ಬ್ಯಾಸರ ಯಾಕ್ರಿ ಸರ" ಎಂದಳು, ತಲೆ ಎತ್ತದೆ. "ಇಷ್ಟು ವರ್ಷ ನನ್ನ ಬ್ಯಾಡ ಅಂದಾರ ಅಂತ ತಿಳಕೊಂಡಿದ್ದೆ. ಅಂದಿರ್ಲಿಲ್ಲ."